ನದಿ ಮೂಲ, ಋಷಿ ಮೂಲ, ವ್ಯಾನಿನ ಎಣ್ಣೆ ಮೂಲ

ನದಿ ಮೂಲ, ಋಷಿ ಮೂಲ ಹುಡುಕಬಾರದು ಎಂದು ಹಿರಿಯರು ಹೇಳಿ ಹೋಗಿದ್ದಾರೆ. ಪಾಪ, ಅವರ ಬಳಿ ಹಳೆಯ ವ್ಯಾನು ಇರಲಿಲ್ಲ. ಇದ್ದಿದ್ದರೆ ಆ ಪಟ್ಟಿಗೆ ಮೂರನೆಯ ಮೂಲವೊಂದನ್ನೂ ಸೇರಿಸಿಯೇ ಹೋಗುತ್ತಿದ್ದರು. ಆಗ ನಾನು ಇದನ್ನು ಬರೆಯುವ ಪ್ರಮೇಯವೂ ಬರುತ್ತಿರಲಿಲ್ಲ.

ನಾನು ನಾರಾಯಣಗೂಡದ ಒಂದು ಜೂನಿಯರ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮನೆ ಕೂಕಟ್‌ಪಲ್ಲಿಯಲ್ಲಿ, ಮೂರನೇ ಮಹಡಿಯ ಫ್ಲ್ಯಾಟು. ಮೂಲ ಊರು ವಿಜಯಪುರದ ಕಡೆ. ಕಾಲೇಜಿಗೆ ಮೆಟ್ರೋದಲ್ಲಿ ಹೋಗಿ ಬರುವುದರಿಂದ ನಮ್ಮ ಇಪ್ಪತ್ತು ವರ್ಷದ ವ್ಯಾನು ನನಗಿಂತ ಹೆಚ್ಚಾಗಿ ನನ್ನ ಹೆಂಡತಿ ಸುಮಿತ್ರಾಳ ಭಜನಾ ಮಂಡಳಿಯ ಸೇವೆಯಲ್ಲಿದೆ. ಮಂಡಳಿ ಎಂದರೆ ಅವಳೂ ಸೇರಿ ಏಳು ಜನ ಹೆಂಗಸರು, ಒಂದು ಹಾರ್ಮೋನಿಯಂ, ಎರಡು ಜೊತೆ ತಾಳ. ನಾನು ಸಾರಥಿ. ಈ ವ್ಯಾನಿನ ರಚನೆಯ ಬಗ್ಗೆ ಒಂದು ಮಾತು ಈಗಲೇ ಹೇಳಬೇಕು. ಇದರ ಎಂಜಿನ್ನು ಮುಂದೆ ಬಾನೆಟ್ಟಿನೊಳಗೆ ಇಲ್ಲ, ಮುಂದಿನ ಸೀಟುಗಳ ಕೆಳಗಿದೆ. ಸೀಟು ಎತ್ತಿದರೆ ಎಂಜಿನ್ನು. ಸೀಟಿನ ಮೇಲೆ ಕೂತವರು ಎಂದರೆ ಎಂಜಿನ್ನಿನ ಮೇಲೆ ಕೂತವರು.

ಆ ಭಾನುವಾರ ಬೆಳಿಗ್ಗೆ ನಮ್ಮ ವಾಚ್‌ಮನ್ ಮಲ್ಲೇಶ್ ಬಂದು ಬಾಗಿಲು ತಟ್ಟಿದ. ನರೆತ ಮೀಸೆಯ, ಮಿತಭಾಷಿ ಮನುಷ್ಯ.

“ಸಾರ್, ಮೀ ಬಂಡಿ ಕಿಂದ ಆಯಿಲ್ ಕಾರ್ತುಂದಿ,” ಎಂದ. ನಿಮ್ಮ ಗಾಡಿಯ ಕೆಳಗೆ ಎಣ್ಣೆ ಸೋರುತ್ತಿದೆ ಎಂದು ತೆಲುಗಿನಲ್ಲಿ ಅವನು ಹೇಳಿದ ಧಾಟಿಯಲ್ಲಿ ಯಾರೋ ತೀರಿಕೊಂಡ ಸುದ್ದಿ ತಂದವನ ಗಾಂಭೀರ್ಯವಿತ್ತು. ಅದಕ್ಕೆ ಕಾರಣವೂ ಇತ್ತು. ಪಾರ್ಕಿಂಗ್ ನೆಲಕ್ಕೆ ಹೋದ ತಿಂಗಳಷ್ಟೇ ತಿಳಿಬಣ್ಣದ ಟೈಲ್ಸ್ ಹಾಕಿಸಿದ್ದರು, ಅದನ್ನು ಒರೆಸುವವನು ಮಲ್ಲೇಶ್.

ಕೆಳಗೆ ಹೋಗಿ ನೋಡಿದೆ. ಜೋಳದ ರೊಟ್ಟಿಯಷ್ಟು ಅಗಲದ ಕಪ್ಪು ಕಲೆ. ನೋಡುತ್ತಿದ್ದಂತೆಯೇ ವ್ಯಾನಿನ ಹೊಟ್ಟೆಯ ಕೆಳಗೆ ಒಂದು ಹನಿ ಮೂಡಿತು, ಉಬ್ಬಿತು, ಸ್ವಲ್ಪ ಯೋಚಿಸಿತು, ಆಮೇಲೆ ಬಿತ್ತು. ನನಗೆ ಸಿಟ್ಟು ಬರಲಿಲ್ಲ, ದುಃಖವೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಯಿತು. ಇಪ್ಪತ್ತೆರಡು ವರ್ಷದಿಂದ ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಹುಡುಗರಿಗೆ ಕೇಳುತ್ತ ಬಂದವನ ಎದುರು ಮೊದಲ ಸಲ ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದು ಬಂದು ನಿಂತಿತ್ತು. ಈ ಹನಿ ಎಲ್ಲಿಂದ ಬಂತು?

ಸುಮಿತ್ರಾಳಿಗೆ ಹೇಳಿದೆ. ಅವಳು ಬದನೆಕಾಯಿ ಹೆಚ್ಚುತ್ತ ತೊಟ್ಟಿಲ ಪದ ಗುನುಗುತ್ತಿದ್ದಳು.

“ಮೆಕ್ಯಾನಿಕ್‌ಗ ತೋರಸ್ರಿ. ಬರೋ ಭಾನುವಾರ ಲಿಂಗಂಪಲ್ಲಿಗೆ ಹೋಗೂದೈತಿ, ನೆನಪೈತಿಲ್ಲ?”

ನೆನಪಿಲ್ಲದೆ ಏನು. ಮಂಡಳಿಯ ಹಿರಿಯರಾದ ಕಮಲಾಬಾಯಿಯವರ ಮಗಳ ಮನೆ ಲಿಂಗಂಪಲ್ಲಿಯಲ್ಲಿ. ಅಲ್ಲಿ ಮೊಮ್ಮಗಳ ಹೆಸರಿಡುವ ಶಾಸ್ತ್ರ. ಮಂಡಳಿಯನ್ನು ಹೊರಗಿನವರ ಮುಂದೆ ಹಾಡಲು ಕರೆದದ್ದು ಇದೇ ಮೊದಲು, ಹಾಡಿನ ಮುಂದಾಳು ಸುಮಿತ್ರಾ. ಮೂರು ವಾರದಿಂದ ನಮ್ಮ ಮನೆಯಲ್ಲಿ ಪಲ್ಯ, ಸಾರು, ಬಟ್ಟೆ ಎಲ್ಲವೂ ತೊಟ್ಟಿಲ ಪದದ ತಾಳಕ್ಕೇ ಕುದಿಯುತ್ತ, ಒಣಗುತ್ತ ಇದ್ದವು.

“ಒಂದು ಹನಿ ಎಲ್ಲಿಂದ ಬೀಳಾಕತ್ತೈತಿ ಅಂತ ನೋಡಾಕ ಮೆಕ್ಯಾನಿಕ್ ಯಾಕ ಬೇಕು?” ಎಂದೆ. “ದ್ರವ ಅಂದ್ರ ಏನು, ಹ್ಯಾಂಗ ಹರೀತೈತಿ ಅಂತ ಇಪ್ಪತ್ತೆರಡು ವರ್ಷ ಕಲಿಸೀನಿ.”

“ನೀವು ಕಲಿಸೀರಿ ಅಂತ ಆ ದ್ರವಕ್ಕ ಗೊತ್ತೈತೇನ್ರಿ?” ಎಂದು ಅವಳು ಮತ್ತೆ ಬದನೆಕಾಯಿಗೆ ತಿರುಗಿದಳು.

ತನಿಖೆಯ ಮೊದಲ ಹಂತ, ಸೋರುತ್ತಿರುವ ವಸ್ತು ಯಾವುದು ಎಂಬ ನಿರ್ಧಾರ. ಸೋಮವಾರ ಲ್ಯಾಬಿನಿಂದ ಎರಡು ಫಿಲ್ಟರ್ ಪೇಪರ್ ತಂದು ಕಲೆಯ ಮೇಲೆ ಒತ್ತಿ, ಅಡುಗೆಮನೆಯ ಕಿಟಕಿಯಲ್ಲಿ ಒಣಗಲು ಇಟ್ಟೆ. ಕಾಗದದ ಮೇಲೆ ಒಂದರೊಳಗೊಂದು ಮೂರು ವೃತ್ತಗಳು ಮೂಡಿದವು. ಬಣ್ಣ ನೋಡಿದೆ, ವಾಸನೆ ನೋಡಿದೆ, ನೀರು ಹಾಕಿ ನೋಡಿದೆ. ಮರುದಿನ ಊಟಕ್ಕೆ ಕೂತಾಗ ಫಲಿತಾಂಶ ಪ್ರಕಟಿಸಿದೆ.

“ಸುಮಿತ್ರಾ, ಅದು ಎಂಜಿನ್ ಆಯಿಲ್.”

“ಮೊನ್ನೆ ಮಲ್ಲೇಶ ಅದನ್ನ ಹೇಳಿದ್ನಲ್ರಿ.”

“ಅಂವ ಹೇಳಿದ್ದು ಅಂದಾಜು. ಇದು ಪುರಾವೆ.”

“ಆ ಪುರಾವೆ ಮೊದಲು ಉಪ್ಪಿನಕಾಯಿ ಭರಣಿ ಮ್ಯಾಲಿಂದ ತಗೀರಿ.”

ಎರಡನೆಯ ಹಂತ, ಹನಿ ಬೀಳುವ ಜಾಗ. ವಾಷಿಂಗ್ ಮೆಷಿನ್ ಬಂದಿದ್ದ ರಟ್ಟಿನ ಡಬ್ಬಿಯನ್ನು ಬಿಡಿಸಿ, ಸ್ಕೇಲು ಹಿಡಿದು ಚೌಕಗಳನ್ನು ಎಳೆದು, ಪ್ರತಿ ಚೌಕಕ್ಕೂ ನಂಬರು ಕೊಟ್ಟು ವ್ಯಾನಿನ ಕೆಳಗೆ ಹಾಸಿದೆ. ಬುಧವಾರ ಬೆಳಿಗ್ಗೆ ಹನಿಗಳು ಬಲಗಡೆ ಮುಂದಿನ ಚೌಕಗಳಲ್ಲಿದ್ದವು. ಸಂಜೆ ನೋಡಿದರೆ ಎಡಗಡೆ ಹಿಂದಿನ ಚೌಕಗಳಲ್ಲಿ. ಗುರುವಾರ ಬೆಳಿಗ್ಗೆ ಇನ್ನೊಂದು ಮೂಲೆ. ನನ್ನ ಕುತೂಹಲ ಹೊತ್ತಿ ಉರಿಯತೊಡಗಿತು. ಒಂದೇ ಎಂಜಿನ್ನಿನಲ್ಲಿ ಮೂರು ಸೋರಿಕೆಗಳು, ಪಾಳಿ ಹಾಕಿಕೊಂಡು ಸೋರುತ್ತಿವೆ ಎಂಬ ಸಿದ್ಧಾಂತವನ್ನು ಮೆಟ್ರೋದಲ್ಲಿ ನಿಂತುಕೊಂಡೇ ಕಟ್ಟಿದೆ. ಅದಕ್ಕೊಂದು ನಕ್ಷೆಯನ್ನೂ ಬರೆದೆ.

ಗುರುವಾರ ಬೇಗ ಮನೆಗೆ ಬಂದಾಗ ಮಲ್ಲೇಶ್ ಕಸ ಗುಡಿಸುತ್ತಿದ್ದ. ನನ್ನ ಕಣ್ಣೆದುರೇ ವ್ಯಾನಿನ ಕೆಳಗಿನ ರಟ್ಟನ್ನು ಎಳೆದು, ನೆಲ ಗುಡಿಸಿ, ರಟ್ಟನ್ನು ಹೇಗೆ ಕೈಗೆ ಬಂತೋ ಹಾಗೆ ತಿರುಗಿಸಿ ಮತ್ತೆ ಒಳಗೆ ತಳ್ಳಿದ. ದಿನಕ್ಕೆ ಎರಡು ಸಲ ಗುಡಿಸುವ ಶ್ರದ್ಧಾವಂತ. ಎರಡು ದಿನ ನಾನು ಬರೆದದ್ದು ಎಂಜಿನ್ನಿನ ನಕ್ಷೆಯಲ್ಲ, ಮಲ್ಲೇಶನ ಕಸಬರಿಗೆಯ ನಕ್ಷೆ.

ಹಿಂಜರಿಯಲಿಲ್ಲ. ವಿಜ್ಞಾನ ಬೆಳೆದದ್ದೇ ತಪ್ಪುಗಳಿಂದ ಎಂದು ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ. ಮೊಬೈಲಿನಲ್ಲಿ ಹುಡುಕಿದಾಗ ಒಂದು ಸುಂದರವಾದ ಉಪಾಯ ಸಿಕ್ಕಿತು. ಮೊದಲು ಎಂಜಿನ್ನನ್ನು ಚೆನ್ನಾಗಿ ತೊಳೆದು ಒಣಗಿಸಬೇಕು. ಅದರ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಬೇಕು. ಎಂಜಿನ್ ಚಾಲೂ ಮಾಡಬೇಕು. ಎಣ್ಣೆ ಎಲ್ಲಿಂದ ಹೊರಡುತ್ತದೋ ಅಲ್ಲಿಂದ ಪೌಡರಿನ ಮೇಲೆ ತಾನೇ ಒಂದು ಗೆರೆ ಎಳೆದು ತೋರಿಸುತ್ತದೆ.

ಮುಂದಿನ ಎಡಗಡೆಯ ಸೀಟು ಎತ್ತಿ, ಪಾತ್ರೆ ತಿಕ್ಕುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಎರಡು ತಾಸು ತಿಕ್ಕಿದೆ. ಇಪ್ಪತ್ತು ವರ್ಷದ ಕಪ್ಪು ಮಸಿಯ ಕೆಳಗೆ ಬೆಳ್ಳಗಿನ ಲೋಹ ಕಾಣಿಸಿತು. ಸುಮಿತ್ರಾ ಚಹಾ ತಂದು ನಿಂತು ನೋಡಿದಳು.

“ಗ್ಯಾಸ್ ಒಲಿ ಹಿಂಗ ಒಂದಿನಾ ತಿಕ್ಕಿಲ್ಲ ನೀವು.”

“ಗ್ಯಾಸ್ ಒಲಿ ಸೋರಿಲ್ಲ.”

ಅವಳು ಮೇಲೆ ಹೋದ ಮೇಲೆ ನಾನೂ ಹೋಗಿ, ಕನ್ನಡಿಯ ಮುಂದಿದ್ದ ಅವಳ ಗಂಧದ ವಾಸನೆಯ ಪೌಡರ್ ಡಬ್ಬಿಯನ್ನು ತಂದೆ. ಎಷ್ಟು ಉದುರಿಸಬೇಕು ಎಂದು ಆ ಉಪಾಯದಲ್ಲಿ ಹೇಳಿರಲಿಲ್ಲ. ಪೂರ್ತಿ ಉದುರಿಸಿದೆ. ಗೆರೆ ಮೂಡುವ ಕ್ಷಣವನ್ನು ಹತ್ತಿರದಿಂದ ನೋಡಬೇಕಲ್ಲ, ಅದಕ್ಕಾಗಿ ಎಂಜಿನ್ನಿನ ಮೇಲೆ ಬಗ್ಗಿ ನಿಂತು, ಕೀಲಿ ತಿರುಗಿಸು ಎಂದು ಮಲ್ಲೇಶನಿಗೆ ಹೇಳಿದೆ. ಅವನು ಡ್ರೈವರ್ ಸೀಟಿನ ಕಡೆಯಿಂದ ಕೈ ಹಾಕಿ ಕೀಲಿ ತಿರುಗಿಸಿದ. ಚಾಲೂ ಮಾಡುವುದು ಎಂದರೆ ಆಕ್ಸಿಲರೇಟರನ್ನೂ ಒತ್ತುವುದು ಎಂದು ಅವನ ತಿಳಿವಳಿಕೆ. ಇನ್ನೊಂದು ಕೈಯಿಂದ ಅದನ್ನೂ ಒತ್ತಿದ.

ಫ್ಯಾನು ತಿರುಗಿತು.

ಬೆಳ್ಳನೆಯ ಮೋಡವೊಂದು ಎದ್ದು ವ್ಯಾನು ತುಂಬಿತು. ನಾನು ಹೊರಗೆ ಬಂದಾಗ ಹುಬ್ಬು, ಮೀಸೆ, ಕಣ್ಣಿನ ರೆಪ್ಪೆ ಎಲ್ಲವೂ ಬೆಳ್ಳಗಿದ್ದವು. ಮಲ್ಲೇಶ್ ನನ್ನನ್ನು ಒಂದು ಕ್ಷಣ ನೋಡಿ, ಯಾಕೋ ಏನೋ, ಕೈ ಮುಗಿದ. ಪಾರ್ಕಿಂಗ್ ತುಂಬ ಗಂಧದ ಪರಿಮಳ. ನೆಲಮಹಡಿಯ ಅಜ್ಜಿ ಬಾಗಿಲು ತೆರೆದು ಇವತ್ತು ಯಾವ ಪೂಜೆ ಎಂದು ಕೇಳಿದರು.

ಇಷ್ಟಾದರೂ ಉಪಾಯ ಫಲಿಸಿತು, ಇದನ್ನು ಒಪ್ಪಿಕೊಳ್ಳಲೇಬೇಕು. ಪೌಡರಿನ ಮಧ್ಯೆ ಕಂದು ಬಣ್ಣದ ಒದ್ದೆ ಗೆರೆಯೊಂದು ಸ್ಪಷ್ಟವಾಗಿ ಹರಿದಿತ್ತು. ಎಂಜಿನ್ನಿನ ತಲೆಯ ಮೇಲೊಂದು ಮುಚ್ಚಳವಿರುತ್ತದೆ, ಟ್ಯಾಪೆಟ್ ಕವರ್ ಎನ್ನುತ್ತಾರೆ. ಅದರ ಅಂಚಿಗೆ ಎಣ್ಣೆ ಸೋರದಂತೆ ರಬ್ಬರಿನ ಪ್ಯಾಕಿಂಗ್ ಇರುತ್ತದೆ. ಗೆರೆ ಹೊರಟದ್ದು ಅಲ್ಲಿಂದ. ಎಣ್ಣೆ ಮೇಲೆ ಹುಟ್ಟಿ, ಎಂಜಿನ್ನಿನ ಬೆನ್ನ ಮೇಲೆ ಇಳಿದು, ಎಲ್ಲೋ ಕೆಳಗೆ ತೊಟ್ಟಿಕ್ಕುತ್ತಿತ್ತು. ಹೊಟ್ಟೆಯಲ್ಲಿ ಹುಡುಕಿದ್ದು ತಲೆಯಲ್ಲಿತ್ತು. ಪೌಡರ್ ಮೆತ್ತಿಕೊಂಡ ಮುಖದಲ್ಲೇ ಮೂರು ಮಹಡಿ ಹತ್ತಿ ಹೋಗಿ ಹೇಳಿದೆ. ಸುಮಿತ್ರಾ ನನ್ನ ಮುಖ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಖಾಲಿ ಡಬ್ಬಿ ನೋಡಿದಳು.

ಶುಕ್ರವಾರ ಬಿಡಿಭಾಗಗಳ ಅಂಗಡಿಯಿಂದ ಹೊಸ ಪ್ಯಾಕಿಂಗ್ ತಂದು, ಮುಚ್ಚಳ ಬಿಚ್ಚಿ, ಹಳೆಯದನ್ನು ಕಿತ್ತೆ. ಅದು ಹಪ್ಪಳದಂತೆ ಲಟಕ್ಕನೆ ಮುರಿಯಿತು. ಹೊಸದನ್ನು ಕೂರಿಸಿ ಬೋಲ್ಟುಗಳನ್ನು ಬಿಗಿದೆ. ಇಲ್ಲಿಗೆ ಕೈ ತೊಳೆದುಕೊಂಡು ಮೇಲೆ ಹೋಗಿದ್ದರೆ ಈ ಕಥೆ ಒಬ್ಬ ಸಮರ್ಥ ಗೃಹಸ್ಥನ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಕುತೂಹಲ ಎಂಬುದು ಬಂದ ಕೆಲಸ ಮುಗಿಸಿಕೊಂಡು ಹೋಗುವ ನೆಂಟನಲ್ಲ.

ಅದೇ ಮುಚ್ಚಳದ ಪಕ್ಕದಿಂದ ಬೆರಳು ದಪ್ಪದ ರಬ್ಬರ್ ಪೈಪೊಂದು ಹೊರಟು ಕೆಳಗೆ ಇಳಿದಿತ್ತು. ಅದರ ಇನ್ನೊಂದು ತುದಿ ಯಾವುದಕ್ಕೂ ಸೇರಿರಲಿಲ್ಲ, ಬಾಯಿ ತೆರೆದು ಜೋತಾಡುತ್ತಿತ್ತು. ಬೆರಳು ಹಾಕಿ ನೋಡಿದೆ. ಒಳಗೆ ಎಣ್ಣೆಯ ಜಿಡ್ಡು. ನನ್ನ ಮೈ ಜುಮ್ಮೆಂದಿತು. ಎಂಜಿನ್ನಿನ ತಲೆಯಿಂದ ಒಂದು ಪೈಪು ನೇರವಾಗಿ ಬೀದಿಗೆ ಬಾಯಿ ತೆರೆದಿದೆ, ಇಪ್ಪತ್ತು ವರ್ಷದಲ್ಲಿ ಒಬ್ಬ ಮೆಕ್ಯಾನಿಕ್ಕನಿಗೂ ಅದು ಕಂಡಿಲ್ಲ. ಕಾಣಲು ನಾನೇ ಬರಬೇಕಾಯಿತು.

ಶನಿವಾರ ಲ್ಯಾಬಿನ ಕಪಾಟಿನಲ್ಲಿ ಹುಡುಕಿ, ಗಾಜಿನ ನಳಿಗೆಗಳಿಗೆ ಹಾಕುವ ರಬ್ಬರ್ ಬಿರಡೆಗಳಲ್ಲಿ ಅಳತೆಗೆ ಸರಿಯಾದ ಒಂದನ್ನು ಆರಿಸಿ ತಂದೆ. ಪೈಪಿನ ಬಾಯಿಗೆ ಅದನ್ನು ತುರುಕಿ, ಮೇಲೆ ತಂತಿ ಸುತ್ತಿ, ಇಕ್ಕಳದಿಂದ ಬಿಗಿದೆ. ಸುಮಿತ್ರಾ ಪಕ್ಕದಲ್ಲಿ ನಿಂತಿದ್ದಳು.

“ಆ ಪೈಪ್ ಏನೋ ಒಂದು ಕೆಲಸಕ್ಕಂತ ಇಟ್ಟಿರತಾರಲ್ರಿ? ಸುಮ್ಮ ಸುಮ್ಮನ ಯಾರು ಇಡತಾರ?”

“ಬಾಯಿ ತೆರೆದದ್ದು ಸೋರತೈತಿ, ಮುಚ್ಚಿದ್ದು ಸೋರೂದಿಲ್ಲ. ಇದರಾಗ ಕೇಳೂದೇನೈತಿ?”

“ನೀವು ಯಾವಾಗೂ ಕೇಳವ್ರು, ಅದಕ್ಕ ಅಂದೆ,” ಎಂದಳು.

ಸಂಜೆ ನಮ್ಮ ಓಣಿಯಲ್ಲಿ ಒಂದು ಸುತ್ತು ಹಾಕಿ ವ್ಯಾನು ನಿಲ್ಲಿಸಿದೆ. ಭಾನುವಾರ ಬೆಳಿಗ್ಗೆ ನೆಲ ಒಣಗಿತ್ತು. ಒಂದು ಹನಿ ಇಲ್ಲ. ಮಲ್ಲೇಶನನ್ನು ಕರೆದು ತೋರಿಸಿದೆ. ಅವನು ಮಂಡಿಯೂರಿ ಬಗ್ಗಿ ನೋಡಿ, ಎದ್ದು, ತಲೆ ಆಡಿಸಿದ. ನೆಲಮಹಡಿಯ ಅಜ್ಜಿಗೂ ತೋರಿಸಿದೆ. ಏನೂ ಇಲ್ಲದ ನೆಲವನ್ನು ಯಾಕೆ ತೋರಿಸುತ್ತಿದ್ದಾನೆ ಎಂದು ಅವರಿಗೆ ತಿಳಿಯಲಿಲ್ಲ.

ಹೆಸರಿಡುವ ಹೊತ್ತು ಹನ್ನೊಂದು ಗಂಟೆಗೆ. ಒಂಬತ್ತೂವರೆಗೆಲ್ಲ ಏಳೂ ಜನ ಒಂದೇ ಬಗೆಯ ಕೆನೆಬಣ್ಣದ ಸೀರೆ ಉಟ್ಟು ಬಂದು ಕೂತರು. ಕಮಲಾಬಾಯಿಯವರಿಗೆ ಮೊಣಕಾಲು ನೋವು, ಆದ್ದರಿಂದ ಮುಂದಿನ ಸೀಟು ಅವರದು. ಅಂದರೆ ಎಂಜಿನ್ನಿನ ಮೇಲಿನದು. ಕಾಲೋನಿ ದಾಟಿ ಮುಖ್ಯ ರಸ್ತೆಗೆ ಬರುವಷ್ಟರಲ್ಲಿ ಹಿಂದಿನಿಂದ ಹಾಡು ಶುರುವಾಯಿತು. ಸುಮಿತ್ರಾ ಒಂದು ಸಾಲು ಹೇಳುವುದು, ಉಳಿದವರು ಹಿಡಿಯುವುದು. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವರು ಇಣುಕಿ ನೋಡುತ್ತಿದ್ದರು. ನಾನು ತಾಳಕ್ಕೆ ಸರಿಯಾಗಿ ಗೇರು ಬದಲಾಯಿಸುತ್ತಿದ್ದೆ. ಬದುಕಿನಲ್ಲಿ ಅಂಥ ನೆಮ್ಮದಿಯ ಅರ್ಧ ತಾಸು ಮತ್ತೆ ಸಿಕ್ಕಿಲ್ಲ.

ಮಿಯಾಪುರದ ಹತ್ತಿರ ವಾಹನಗಳು ಇರುವೆಯಂತೆ ಸರಿಯತೊಡಗಿದವು. ಕಮಲಾಬಾಯಿ ಕೂತಲ್ಲೇ ಸ್ವಲ್ಪ ಹೊರಳಿದರು.

“ಸರ, ಸೀಟು ಭಾಳ ಬೆಚ್ಚಗಾಗೇತ್ರಿ.”

“ಬಿಸಿಲ್ರೀ ಅಮ್ಮ,” ಎಂದೆ.

“ಬಿಸಿಲು ಮ್ಯಾಲಿಂದ ಬರತೈತಿ. ಇದು ಕೆಳಗಿಂದ ಬರಾಕತ್ತೈತಿ.”

ನಾನು ಕಿಟಕಿಯ ಗಾಜು ಪೂರ್ತಿ ಇಳಿಸಿದೆ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಯಾರೋ, “ಎಲ್ಲ್ಯೋ ಹೋಳಿಗಿ ಸೀದಂಗ ವಾಸನಿ ಬರಾಕತ್ತೈತಿ,” ಎಂದರು. ಇನ್ನೊಬ್ಬರು, “ಹೋಳಿಗಿ ಅಲ್ಲ, ಗಂಧದ ಕಡ್ಡಿ,” ಎಂದರು. ಇಬ್ಬರೂ ಸರಿಯಾಗಿಯೇ ಹೇಳಿದ್ದರು. ಸುಡುತ್ತಿದ್ದದ್ದು ಎಣ್ಣೆ ಮತ್ತು ಪೌಡರ್.

ಆಗ ಸೀಟಿನ ಕೆಳಗೆ ಟಣ್ ಎಂದು ಸದ್ದಾಯಿತು. ಕಮಲಾಬಾಯಿಯವರು ವ್ಯಾನಿನ ಛಾವಣಿ ಅನುಮತಿಸುವಷ್ಟು ಎತ್ತರಕ್ಕೆ ಎದ್ದು ಮತ್ತೆ ಕೂತರು.

“ಸರ,” ಎಂದರು ಮೆಲ್ಲಗೆ, “ಕೆಳಗಿಂದ ಯಾರೋ ಬಡದ್ರು.”

ಸೀಟಿನ ಅಂಚಿನಿಂದ ಹೊಗೆ ಬರತೊಡಗಿತು. ವ್ಯಾನನ್ನು ಎಡಕ್ಕೆ ಎಳೆದು ನಿಲ್ಲಿಸಿದೆ. ಏಳೂ ಜನ ನಾನು ಹೇಳುವ ಮೊದಲೇ ಇಳಿದಿದ್ದರು. ಮೊಣಕಾಲು ನೋವಿನ ಕಮಲಾಬಾಯಿ ಎಲ್ಲರಿಗಿಂತ ಮುಂದೆ ಫುಟ್‌ಪಾತ್ ಸೇರಿದ್ದರು. ಸೀಟು ಎತ್ತಿ ನೋಡಿದೆ. ಎಣ್ಣೆಯ ಮಟ್ಟ ನೋಡುವ ಉದ್ದನೆಯ ಕಡ್ಡಿಯೊಂದಿರುತ್ತದಲ್ಲ, ಅದು ತನ್ನ ಕೊಳವೆಯಿಂದ ಹಾರಿ ಸೀಟಿನ ತಳಕ್ಕೆ ಬಡಿದು ಅಡ್ಡ ಬಿದ್ದಿತ್ತು. ಅದು ಹಾರಿದ ತೂತಿನಿಂದ ಎಣ್ಣೆ ಚಿಮ್ಮಿ ಎಂಜಿನ್ನನ್ನೆಲ್ಲ ತೋಯಿಸಿ, ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಹೊಗೆಯಾಡುತ್ತಿತ್ತು. ಗುರುವಾರದ ಪೌಡರ್ ಅದರಲ್ಲಿ ಕಲಸಿ ಹಿಟ್ಟಾಗಿತ್ತು.

ಗಂಟೆ ಹತ್ತೂ ಹತ್ತು. ಸುಮಿತ್ರಾ ಬೈಯಲಿಲ್ಲ. ಎಂಜಿನ್ನು ನೋಡಿದಳು, ಕೈಗಡಿಯಾರ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮೂರು ವಾರದ ಹಾಡು ಅವಳ ಗಂಟಲಲ್ಲಿ ಎರಡನೆಯ ಸಾಲಿಗೆ ನಿಂತಿತ್ತು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅಷ್ಟರಲ್ಲಿ ಲಿಂಗಂಪಲ್ಲಿಯ ಸಿಟಿ ಬಸ್ಸೊಂದು ದಟ್ಟಣೆಯಲ್ಲಿ ತೆವಳುತ್ತ ಬಂತು. ತೆಲಂಗಾಣದಲ್ಲಿ ಈಗ ಹೆಂಗಸರು ಆಧಾರ್ ಕಾರ್ಡು ತೋರಿಸಿದರೆ ಸಿಟಿ ಬಸ್ಸಿನಲ್ಲಿ ಟಿಕೇಟು ಕೊಳ್ಳಬೇಕಾಗಿಲ್ಲ.

“ಎಲ್ಲಾರೂ ಆಧಾರ್ ತಂದೀರಿಲ್ರೆ?” ಎಂದು ಕಮಲಾಬಾಯಿ ಕೇಳಿದರು.

ಏಳೂ ಪರ್ಸುಗಳು ತೆರೆದವು. ಏಳೂ ಆಧಾರ್ ಕಾರ್ಡುಗಳು ಹೊರಬಂದವು.

ನನ್ನ ವ್ಯಾನಿನಲ್ಲಿ ಕೂರಲು ಆಧಾರ್ ಬೇಕಾಗಿಲ್ಲ. ಅಂದ ಮೇಲೆ ಬೆಳಿಗ್ಗೆ ಮನೆಯಿಂದ ಹೊರಡುವಾಗ ಆ ಏಳೂ ಜನ ಏನನ್ನು ನಿರೀಕ್ಷಿಸಿ ಅದನ್ನು ಪರ್ಸಿಗೆ ಹಾಕಿಕೊಂಡಿರಬೇಕು ಎಂದು ನಾನು ಯೋಚಿಸುತ್ತಿರುವಾಗಲೇ ಬಸ್ಸು ಅವರನ್ನು ತುಂಬಿಕೊಂಡು ಹೊರಟಿತು. ಅವುಗಳಲ್ಲಿ ಒಂದು ಕಾರ್ಡು ಸುಮಿತ್ರಾಳದಾಗಿತ್ತು. ಬಸ್ಸು ಮರೆಯಾದ ಮೇಲೆ ನೋಡಿದರೆ ಹಾರ್ಮೋನಿಯಂ ನನ್ನ ವ್ಯಾನಿನ ಹಿಂದಿನ ಸೀಟಿನಲ್ಲೇ ಕೂತಿತ್ತು.

ರಸ್ತೆಯ ಆಚೆ ತಗಡಿನ ಶೆಡ್ಡೊಂದಿತ್ತು. ಅದರ ಮುಂದೆ ಚಹಾದ ಗ್ಲಾಸು ಹಿಡಿದು ನಿಂತು ಇದನ್ನೆಲ್ಲ ನೋಡುತ್ತಿದ್ದ ಹಿರಿಯ ಮೆಕ್ಯಾನಿಕ್ಕರೊಬ್ಬರು ನಿಧಾನವಾಗಿ ರಸ್ತೆ ದಾಟಿ ಬಂದರು. ಬಿಳಿ ಗಡ್ಡ, ದಾರ ಕಟ್ಟಿದ ಕನ್ನಡಕ. ಖಾಸಿಂ ಭಾಯ್ ಎಂದು ಹೆಸರು ಹೇಳಿದರು. ನಾನು ಫಿಲ್ಟರ್ ಪೇಪರಿನಿಂದ ಹಿಡಿದು ಎಲ್ಲವನ್ನೂ ಹಿಂದಿಯಲ್ಲಿ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಕನ್ನಡದಾಗ ಮಾತಾಡ್ರಿ,” ಎಂದರು. “ನಾನೂ ಹುಮನಾಬಾದ್ ಕಡಿಯಾಂವ. ನಿಮ್ಮ ಹಿಂದಿ ಕೇಳೇ ಗೊತ್ತಾತು.”

ಬಗ್ಗಿ ನೋಡಿದರು.

“ಈ ಸುಣ್ಣಾ ಯಾರು ಬಳದಾರ್ರಿ ಇದಕ್ಕ?”

“ಪೌಡರ್ ರೀ. ಮುಖಕ್ಕ ಹಚ್ಚೂದು. ನಾನ ಹಾಕಿದ್ದು.”

“ವಾಸನಿ ಛಲೋ ಅದ,” ಎಂದರು. ಆಮೇಲೆ ಅವರ ಬೆರಳು ಬಿರಡೆಯ ಮೇಲೆ ಹೋಗಿ ನಿಂತಿತು. ಕನ್ನಡಕ ಮೇಲೆ ತಳ್ಳಿ ನೋಡಿದರು. ಕೆಳಗೆ ಇಳಿಸಿ ನೋಡಿದರು. “ಇದು?”

“ಅದೂ ನಾನ.”

ಅವರು ನಗಲಿಲ್ಲ. ಎಂಜಿನ್ನು ಸ್ವಲ್ಪ ಆರುವ ತನಕ ತಡೆದು, ಎಣ್ಣೆ ಒರೆಸಿ, ಹಾರಿದ ಕಡ್ಡಿಯನ್ನು ಅದರ ಜಾಗಕ್ಕೆ ಒತ್ತಿ, “ಚಾಲೂ ಮಾಡ್ರಿ, ಒಂದು ತಮಾಷಾ ತೋರಸ್ತೀನಿ,” ಎಂದರು. ಮಾಡಿದೆ. ಇಬ್ಬರೂ ಕಡ್ಡಿಯನ್ನೇ ನೋಡುತ್ತ ನಿಂತೆವು. ಕೆಲವು ನಿಮಿಷ ಏನೂ ಆಗಲಿಲ್ಲ. ಆಮೇಲೆ ಕಡ್ಡಿ ತಾನೇ ಮೆಲ್ಲಗೆ ಮೇಲೇಳತೊಡಗಿತು, ಬಿಲದಿಂದ ಹಾವು ಇಣುಕಿದಂತೆ. ಖಾಸಿಂ ಭಾಯ್ ತಂತಿ ಕತ್ತರಿಸಿ ಬಿರಡೆ ಕಿತ್ತರು. ಪೈಪಿನಿಂದ ಫುಸ್ ಎಂದು ಉದ್ದನೆಯ ಉಸಿರು ಹೊರಬಂತು. ಕಡ್ಡಿಯನ್ನು ಮತ್ತೆ ಒತ್ತಿದರು. ಈ ಸಲ ಅದು ಕದಲಲಿಲ್ಲ.

“ಇದು ಎಂಜಿನ್ನಿನ ಮೂಗು, ಸಾಬ್. ಒಳಗ ಗ್ಯಾಸ್ ತುಂಬ್ತದ, ಇಲ್ಲಿಂದ ಉಸಿರು ಬಿಡ್ತದ. ಉಸಿರಿನ ಕೂಡ ಒಂಚೂರು ಎಣ್ಣಿ ಜಿಡ್ಡು ಬರೂದೇ. ಹಿಂದ ಯಾರೋ ಇದನ್ನ ಏರ್ ಫಿಲ್ಟರಿನಿಂದ ಬಿಚ್ಚಿ ಹಂಗೇ ಬಿಟ್ಟಾರ. ನೀವು ಮೂಗಿಗೆ ಬೂಚ್ ಹಾಕೀರಿ. ಅದು ಎಲ್ಲಿ ದಾರಿ ಸಿಗ್ತದೋ ಅಲ್ಲಿಂದ ಹೊರಗ ಬಂದದ.”

ಒಂದು ಒಳ್ಳೆಯ ಪ್ರಯೋಗ ನೋಡಿದ ಸಂತೋಷ ಮೊದಲು ಬಂತು. ಅದರ ಬೆನ್ನಿಗೇ ಉಳಿದದ್ದೂ ಬಂತು. ಮುಚ್ಚಿದ ಪಾತ್ರೆಯಲ್ಲಿ ಅನಿಲ ಕಾದರೆ ಒತ್ತಡ ಏರುತ್ತದೆ. ಇದು ನಾನು ಪ್ರತಿ ವರ್ಷ ಹುಡುಗರಿಗೆ ಕಲಿಸುವ ಪಾಠ. ತಪ್ಪು ಬರೆದವರಿಗೆ ಕೆಂಪು ಪೆನ್ನಿನಲ್ಲಿ ಸೊನ್ನೆ ಹಾಕಿದ್ದೇನೆ. ಮತ್ತೆ ಓದಿಕೊಂಡು ಬಾ ಎಂದು ಒಬ್ಬನನ್ನು ಹೊರಗೆ ನಿಲ್ಲಿಸಿದ್ದೇನೆ.

“ನೀವು ಏನು ಕೆಲಸ ಮಾಡ್ತೀರಿ?” ಎಂದು ಖಾಸಿಂ ಭಾಯ್ ಕೇಳಿದರು.

“ಕಾಲೇಜಿನಾಗ ಇದ್ದೀನ್ರಿ.”

“ಆಫೀಸಿನಾಗ?”

“ಹೂಂ, ಹಂಗ ಅನ್ರಿ.”

ಅವರು ಆ ಪೈಪನ್ನು ಏರ್ ಫಿಲ್ಟರಿಗೆ ಸೇರಿಸಿ ಕ್ಲಿಪ್ಪು ಹಾಕಿದರು, ಕಡಿಮೆಯಾದ ಎಣ್ಣೆ ತುಂಬಿದರು. ಕೊನೆಗೆ ಟ್ಯಾಪೆಟ್ ಕವರಿನ ಸುತ್ತ ಬೆರಳಾಡಿಸಿ ನೋಡಿ, “ಈ ಪ್ಯಾಕಿಂಗ್ ಯಾರು ಹಾಕಿದ್ದು?” ಎಂದರು. ನಾನೇ ಎಂದು ಒಪ್ಪಿಕೊಂಡೆ, ಇನ್ನೇನು ಕಾದಿದೆಯೋ ಎಂದು.

“ಬರೋಬ್ಬರಿ ಹಾಕೀರಿ. ಸೋರೂದು ಇದರಿಂದನೇ ನಿಂತದ. ಬೂಚ್ ಬ್ಯಾಡಾಗಿತ್ತು.”

ಆಮೇಲೆ ಸ್ವಲ್ಪ ಸಂಕೋಚದಿಂದ, “ಈ ಬೂಚ್ ನಾ ಇಟ್ಕೊಳ್ಳಲೇನು? ನಲವತ್ತು ವರ್ಷದಾಗ ಇಂಥಾದ್ದು ನೋಡಿಲ್ಲ,” ಎಂದು ಕೇಳಿದರು. ಕೊಟ್ಟೆ. ಶೆಡ್ಡಿನ ಗೋಡೆಯಲ್ಲಿ ಎಲ್ಲರಿಗೂ ಕಾಣುವ ಮೊಳೆಗೆ ಅದನ್ನು ತೂಗುಹಾಕಿದರು.

ಲಿಂಗಂಪಲ್ಲಿ ತಲುಪಿದಾಗ ಹನ್ನೆರಡೂವರೆ. ಹಾರ್ಮೋನಿಯಂ ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿದೆ. ಅಂಗಿಯ ತುಂಬ ಎಣ್ಣೆ. ಸುಮಿತ್ರಾ ಬಾಗಿಲಿಗೇ ಬಂದಳು. ಕಣ್ಣಿನಲ್ಲಿ ಬೆಳಕಿತ್ತು.

“ಹಾಡು?” ಎಂದೆ.

“ಭಾಳ ಛಲೋ ಆತ್ರಿ. ಬಾಗಲಾಗ ಕಾಲಿಡೂದಕ್ಕೂ ಕೂಸಿನ ತೊಟ್ಟಿಲಕ್ಕ ಹಾಕೂದಕ್ಕೂ ಸರಿ ಆತು. ಪೇಟಿ ಇರಲಿಲ್ಲ, ಬರೇ ದನಿಲೇ ಹಾಡಿದ್ವಿ. ಕೂಸು ನಿದ್ದಿ ಮಾಡ್ತು. ಎಲ್ಲಾರೂ ಪೇಟಿ ಇಲ್ಲದ್ದ ಛಲೋ ಆತು ಅಂದ್ರು.” ಹಾರ್ಮೋನಿಯಂ ಕೆಳಗಿಳಿಸಿದೆ. ಅವಳು ದನಿ ತಗ್ಗಿಸಿದಳು. “ಮತ್ತ ಕೇಳ್ರಿ ಇಲ್ಲೆ. ಗಾಡಿಗೇನಾತು ಅಂತ ಎಲ್ಲಾರೂ ಕೇಳಾಕತ್ತಿದ್ರು. ಯಾವನೋ ಮೆಕ್ಯಾನಿಕ್ ಕೆಡಿಸ್ಯಾನ ಅಂತ ಹೇಳೀನಿ. ನೀವು ಸುಮ್ಮ ಹೂಂ ಅನ್ರಿ.”

ಅವಳು ಒಂದು ಟವಲು ಕೈಗೆ ಕೊಟ್ಟು ಒಳಗೆ ಹೋದಳು.

ಊಟಕ್ಕೆ ಎಲ್ಲರ ಜೊತೆ ಕೂತೆ. ಸುಮಿತ್ರಾ ಹೋಳಿಗೆ ಬಡಿಸುತ್ತ ಬರುತ್ತಿದ್ದಳು. ಎದುರಿನ ಸಾಲಿನಿಂದ ಕಮಲಾಬಾಯಿಯವರು ನನ್ನನ್ನು ಕನಿಕರದಿಂದ ನೋಡಿದರು.

“ಎಂಥಾ ಹುಚ್ಚ ಮೆಕ್ಯಾನಿಕ್ಕನ ಕೈಯಾಗ ಕೊಟ್ಟಿದ್ರಿ ಸರ ಗಾಡಿನ? ನಾ ಸುಟ್ಟು ಹೋಗತಿದ್ನೆಲ್ಲಾ ಇವತ್ತ.”

“ಹೌದ್ರಿ,” ಎಂದೆ. “ಭಾಳ ಹುಚ್ಚ.”

“ಕೆಲಸ ಕಲ್ತಾಂವ ಏನು, ಇಲ್ಲಾ ಸುಮ್ಮ ಕೈ ಹಾಕ್ತಾನ?”

“ಓದಿದಾಂವ ಇದ್ದಾನ್ರಿ. ಅದ ತ್ರಾಸ ಆಗೇತಿ.”

“ಹೆಸರೇನು ಅಂವಂದು? ಹೇಳ್ರಿ, ನಮ್ಮ ಮನಿಯವರು ಅಪ್ಪಿತಪ್ಪಿನೂ ಅತ್ತ ಹೋಗಬಾರದು.”

ಸುಮಿತ್ರಾಳ ಕೈಯಲ್ಲಿದ್ದ ತುಪ್ಪದ ಚಮಚ ನಡುವೆಯೇ ನಿಂತಿತು. ನನಗೆ ಆ ಕ್ಷಣದಲ್ಲಿ ಗೊತ್ತಿದ್ದ ಒಬ್ಬನೇ ಮೆಕ್ಯಾನಿಕ್ ಖಾಸಿಂ ಭಾಯ್. ಆ ಪುಣ್ಯಾತ್ಮನ ಹೆಸರನ್ನು ಈ ಪಾಪಕ್ಕೆ ಹೇಗೆ ಕೊಡಲಿ?

“ಹೋದ್ರೂ ಸಿಗೂದಿಲ್ರಿ ಅಂವ,” ಎಂದೆ. “ಇವತ್ತಿಂದ ಆ ಕೆಲಸ ಬಿಟ್ಟಾನ.”

ಸುಮಿತ್ರಾ ನನ್ನ ಹೋಳಿಗೆಯ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿ ಮುಂದಿನ ಎಲೆಗೆ ಹೋದಳು.